ನಂಜರಾಯನ್ ಕೆರೆಯ ಅತಿಥಿಗಳು

ತಿರುಪ್ಪೂರು ಎಂದೊಡನೆ ಜವಳಿ ವ್ಯಾಪಾರದ ನಮ್ಮ ಮನೆಗಳಲ್ಲಿ ನೆನಪಾಗುವುದು ಬನಿಯನ್. ಆ ಊರಿನಿಂದ ಸುಮಾರು 10 ಕಿ.ಮೀ. ದೂರದಲ್ಲಿ, ಊತ್ತುಕುಳಿ ರಸ್ತೆಯಲ್ಲಿ ನಂಜರಾಯನ್ ಕೆರೆಯಿದೆ. ಸರಕು ಕೊಳ್ಳಲು ಹೋಗುವವರು ಒಂದು ಮುಂಜಾನೆಯನ್ನು ಇದಕ್ಕೆಂದು ಎತ್ತಿಟ್ಟರೆ ಪ್ರಯಾಣ ಸಾರ್ಥಕ. ನಾವು ಹೋದದ್ದು ದೀಪಾವಳಿಯ ಮುಂಚಿನ ವಾರ.

ಹಿಂದೆ ನಂಜರಾಯನೆಂಬ ಅರಸ ಜೀರ್ಣೋದ್ಧಾರ ಮಾಡಿಸಿದ್ದರಿಂದ ಕೆರೆಗೆ ಈ ಹೆಸರು ಎನ್ನುತ್ತಾರೆ. ವಿಸ್ತೀರ್ಣ ಸುಮಾರು 125 ಹೆಕ್ಟೇರ್. ನಲ್ಲಾರು ಹಳ್ಳ ತರುವ ಮಳೆನೀರೇ ಮುಖ್ಯ ಆಧಾರ. 2022ರಲ್ಲಿ ಇದು ಪಕ್ಷಿಧಾಮವಾಯಿತು. 2024ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಆಗ ಹೇಳಲಾದ ಪಕ್ಷಿ ಜಾತಿಗಳ ಸಂಖ್ಯೆ 191.

ನಮ್ಮ ಮುನಿಗಳು ಚಾತುರ್ಮಾಸ ಮುಗಿಸಿ ವಿಹಾರ ಹೊರಡುವ ದಿನಗಳಲ್ಲೇ ಉತ್ತರದ ಹಕ್ಕಿಗಳೂ ಬಂದು ಸೇರುತ್ತಿರುತ್ತವೆ. ಮೊದಲು ಗೊರವ, ಕುಂಡೆಕುಸುಕಗಳು. ಹಿಂದೆಯೇ ಸೂಜಿಬಾಲದ ಬಾತುಗಳು. ಚಳಿ ಬಲಿತ ಮೇಲೆ ಹಿಮಾಲಯ ದಾಟಿದ ಪಟ್ಟೆತಲೆ ಹೆಬ್ಬಾತುಗಳೂ ಕಾಣಿಸಿಕೊಂಡಿದ್ದುಂಟು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಅತಿಥಿಗಳೂ ಇವೇ.

ಬಂದವರ ಲೆಕ್ಕವಿಡುವ ಆಸಕ್ತರು ದಂಡೆಯ ಮೇಲಿದ್ದರು. ಒಬ್ಬರು ದುರ್ಬೀನಿನಲ್ಲಿ ನೋಡಿ ಹೇಳುತ್ತಾರೆ, ಮತ್ತೊಬ್ಬರು ಬರೆದುಕೊಳ್ಳುತ್ತಾರೆ. ದೊಡ್ಡ ಗುಂಪಾದರೆ ಹತ್ತು ಹಕ್ಕಿ ಎಣಿಸಿ, ಆ ಹತ್ತು ಹಿಡಿದ ಜಾಗದ ಅಳತೆಯಲ್ಲೇ ಇಡೀ ಗುಂಪನ್ನು ಅಂದಾಜು ಮಾಡುತ್ತಾರೆ. ಏಷ್ಯಾದಾದ್ಯಂತ ಪ್ರತಿ ಜನವರಿಯಲ್ಲಿ ನಡೆಯುವ ನೀರುಹಕ್ಕಿ ಗಣತಿ 1987ರಲ್ಲಿ ಶುರುವಾದದ್ದು. ಒಂದು ವರ್ಷದ ಅಂಕಿಯಿಂದ ಏನೂ ತಿಳಿಯದು. ಹಳೆಯ ಖಾತೆಯೊಡನೆ ಹೋಲಿಸಿದಾಗಲೇ ಲಾಭನಷ್ಟ ಗೊತ್ತಾಗುವುದು. ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಕ್ಕಿ ಕಂಡರೆ ಕಾಳು ಎರಚುವುದು ನಮ್ಮ ರೂಢಿ. ಇಲ್ಲಿ ಅದು ಬೇಡ. ಕೆರೆಯೇ ಅವಕ್ಕೆ ಉಣಿಸುತ್ತದೆ. ಸದ್ದು ಮಾಡದೆ ದೂರದಿಂದ ನೋಡುವುದೇ ಜೀವದಯೆ. ಅವಕ್ಕೆ ಬೇಕಾದದ್ದು ಶುದ್ಧ ನೀರು.

ಆ ನೀರಿನ ವಿಷಯದಲ್ಲಿ ಜವಳಿಯವರಾದ ನಮಗೂ ಹೊಣೆಯಿದೆ. ತಿರುಪ್ಪೂರಿನ ನಡುವೆ ಹರಿಯುವ ನೊಯ್ಯಲ್ ನದಿಗೆ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ನೀರು ಸೇರಿ, ಕೆಳಗಿನ ಒರತ್ತುಪಾಳಯಂ ಅಣೆಕಟ್ಟಿನ ನೀರು ಹೊಲಕ್ಕೂ ಬಾರದಂತಾಗಿತ್ತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನು ಮುಚ್ಚಲು ಆದೇಶಿಸಿತು. ಕೊಳೆನೀರನ್ನು ಹೊರಬಿಡದೆ, ಶುದ್ಧ ಮಾಡಿ ಮರಳಿ ಬಳಸಬೇಕೆಂಬುದು ಮತ್ತೆ ತೆರೆಯಲು ಇಟ್ಟ ಷರತ್ತು.

ಹತ್ತಿಯ ಬಟ್ಟೆಯಲ್ಲಿ ಹಿಂಸೆಯಿಲ್ಲವೆಂದು ನಾವು ನೆಮ್ಮದಿಯಿಂದ ಮಾರುತ್ತೇವೆ. ಅದರ ಬಣ್ಣದ ನೀರು ಎಲ್ಲಿಗೆ ಹೋಯಿತೆಂದು ಕೇಳುವುದೂ ಅಹಿಂಸಾಣುವ್ರತದ ಪಾಲನೆಯೇ ಅಲ್ಲವೇ? ಬಂಧುಗಳೇ, ಮುಂದಿನ ಸಲ ತಿರುಪ್ಪೂರಿನಲ್ಲಿ ದರ ವಿಚಾರಿಸುವಾಗ ಈ ಒಂದು ಮಾತನ್ನೂ ವಿಚಾರಿಸೋಣ.