ಊಟ ಆಯ್ತಾ ಅಬ್ಬಾ?

ನನ್ನ ಅಬ್ಬಾ ದುಬೈನಲ್ಲಿ ಕೆಲಸ ಮಾಡುತ್ತಾರೆ. ದಿನಾ ರಾತ್ರಿ ಫೋನಿನಲ್ಲಿ ನಾನು ಕೇಳುವ ಮೊದಲ ಮಾತು, "ಖಾನಾ ಹುವಾ ಕ್ಯಾ ಅಬ್ಬಾ?" ಅವರ ಉತ್ತರವೂ ಒಂದೇ, "ಹುವಾ ಬೇಟಾ."

ಕಳೆದ ಬೇಸಿಗೆ ರಜೆಯಲ್ಲಿ ಶಾರ್ಜಾದ ಮಾಮು ಟಿಕೆಟ್ ಮಾಡಿಸಿಕೊಟ್ಟರು. ಅಮ್ಮಿ ಮತ್ತು ನಾನು ಹತ್ತು ದಿನ ಅವರ ಮನೆಯಲ್ಲಿದ್ದೆವು. ಒಂದು ರಾತ್ರಿ ಅಬ್ಬಾ ನಮ್ಮನ್ನು ದುಬೈನ ಕರಾಮದಲ್ಲಿ, ತಮ್ಮ ರೂಮಿನ ಹತ್ತಿರವಿರುವ ಫಿಲಿಪಿನೋ ಹೋಟೆಲಿಗೆ ಕರೆದುಕೊಂಡು ಹೋದರು. ಬಿರಿಯಾನಿ ಬಿಟ್ಟು ಇಲ್ಲಿಗೇಕೆ ಎಂದು ನನಗೆ ಬೇಸರ. ಫಿಲಿಪೀನ್ಸಿನವರು ಹಂದಿಮಾಂಸ ತಿನ್ನುತ್ತಾರಲ್ಲ ಎಂದು ಅಮ್ಮಿಗೆ ಅಳುಕು. ಅಬ್ಬಾ ಗೋಡೆಯ ಮೇಲಿನ 'ಹಲಾಲ್' ಬೋರ್ಡ್ ತೋರಿಸಿದರು.

ಮೊದಲು ಸಿನಿಗಾಂಗ್ ಬಂತು. ಸೀಗಡಿ, ಮೂಲಂಗಿ, ಬೆಂಡೆಕಾಯಿ ಹಾಕಿದ ಹುಣಸೆಹುಳಿಯ ಸಾರು. ಒಗ್ಗರಣೆಯೊಂದಿಲ್ಲ, ಅಷ್ಟೇ. ಆಮೇಲೆ ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿಯಲ್ಲಿ ಬೇಯಿಸಿದ ಚಿಕನ್ ಅಡೋಬೊ, ಬಿಳಿ ಅನ್ನ. ಅಮ್ಮಿ ಎರಡು ಸಲ ಹಾಕಿಸಿಕೊಂಡರು.

ಬಡಿಸುವವರನ್ನು ಎಲ್ಲರೂ 'ಆತೆ' ಎನ್ನುತ್ತಿದ್ದರು. ನನಗೆ 'ಅತ್ತೆ' ಎಂದು ಕೇಳಿಸಿ ನಗು ಬಂತು. ಅವರ ಭಾಷೆಯಲ್ಲಿ ಅಕ್ಕ ಎಂದರ್ಥವಂತೆ. ಅವರು ಅಬ್ಬಾನನ್ನು 'ಕೂಯ', ಅಂದರೆ ಅಣ್ಣ, ಎಂದು ಕರೆದರು. ಅವರ ಮಗಳಿಗೂ ನನ್ನದೇ ವಯಸ್ಸು. ಊರಿನಲ್ಲಿ ಅಜ್ಜಿಯ ಹತ್ತಿರ ಓದುತ್ತಿದ್ದಾಳೆ. ಮಗಳನ್ನು ನೋಡಿ ಮೂರು ವರ್ಷವಾಯಿತಂತೆ.

ಅಬ್ಬಾ ಕೈ ತೊಳೆಯಲು ಹೋದಾಗ ಆ ಅಕ್ಕ ಹರಕುಮುರುಕು ಹಿಂದಿಯಲ್ಲಿ ಅಮ್ಮಿಗೆ ಹೇಳಿದರು: "ತಿಂಗಳ ಕೊನೆಗೆ ಕೂಯ ಬರೀ ಅನ್ನ ತೆಗೆದುಕೊಳ್ಳುತ್ತಾರೆ. ಕೆಲವು ದಿನ ಒಳಗೇ ಬರುವುದಿಲ್ಲ. ನಾನೇ ಕರೆದು 'ಕುಮಾಯಿನ್ ಕಾ ನಾ?' ಎಂದು ಕೇಳಿ ಸಾರು ಕೊಡುತ್ತೇನೆ."

ಆ ಮಾತಿನ ಅರ್ಥ, ಊಟ ಆಯ್ತಾ?

ಅಮ್ಮಿ ತಲೆ ತಗ್ಗಿಸಿದರು. ನಾನು ಹೊಸ ಮೊಬೈಲಿಗೆ ಹಠ ಹಿಡಿದದ್ದೂ ಒಂದು ತಿಂಗಳ ಕೊನೆಯಲ್ಲೇ. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರುತ್ತದೆ ಎಂದು ಅಕೌಂಟೆನ್ಸಿ ತರಗತಿಯಲ್ಲಿ ಬರೆದುಕೊಂಡಿದ್ದೆ. ನಮ್ಮ ಮನೆಗೆ ಬರುವ ಹಣದ ಇನ್ನೊಂದು ಬದಿಯನ್ನು ಅಂದು ನೋಡಿದೆ.

ಹೊರಡುವಾಗ ಅಮ್ಮಿ ಆ ಅಕ್ಕನ ಕೈ ಹಿಡಿದು 'ಶುಕ್ರಿಯಾ' ಎಂದರು. ಅವರು 'ಸಲಾಮತ್' ಎಂದರು. ಅವರ ಭಾಷೆಯಲ್ಲಿ ಅದು ಧನ್ಯವಾದ. ಉರ್ದುವಿನಲ್ಲಿ ಕ್ಷೇಮ. ಅಮ್ಮಿ ದುಆ ಎಂದುಕೊಂಡು 'ಆಮೀನ್' ಎಂದುಬಿಟ್ಟರು.

ಈಗಲೂ ದಿನಾ ಫೋನ್ ಮಾಡುತ್ತೇನೆ. ಊಟ ಆಯ್ತಾ ಎಂದಷ್ಟೇ ಕೇಳಿ ಬಿಡುವುದಿಲ್ಲ. ಏನು ಊಟ ಮಾಡಿದಿರಿ ಎಂದು ಕೇಳುತ್ತೇನೆ. ಅಬ್ಬಾ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಹೇಳುತ್ತಾರೆ.