ಬಾಣಂತಿ ರೂಮು, ಭಾಗ 3

ಅಕ್ಕ ಬಾಣಂತನಕ್ಕೆ ಹಲಸೂರಿನ ನಮ್ಮನೇಲಿದ್ಲು. ಭಾನುವಾರ ಭಾವ ಕೆ.ಆರ್. ಪುರದಿಂದ ಬಂದ್ರೆ ಅಜ್ಜಿ ರೂಮಿನ ಬಾಗಿಲಲ್ಲೇ ಕೂತಿರೋರು. ಪಾಪ ಭಾವ ಅಂತ ನಗ್ತಿದ್ದೆ.

ಹೊರಡೋ ಹಿಂದಿನ ರಾತ್ರಿ ಅಕ್ಕ ಮೆಲ್ಲಗೆ ಅಂದ್ಲು: "ಹೊಲಿಗೆ ನೆನೆಸ್ಕೊಂಡ್ರೇ ಭಯ ಕಣೇ. ಅವ್ರಿಗೆ ಹೇಗೆ ಹೇಳ್ಲಿ?" ಒಂದೂವರೆ ತಿಂಗಳ ಲಸಿಕೆ ದಿನ ಮಗು ತೂಕ ನೋಡಿದ್ರು, ಇವಳನ್ನ ಯಾರೂ ಏನೂ ಕೇಳಿರಲಿಲ್ಲ. ನಾನೋ ಬಿಕಾಂ, ಏನು ಹೇಳ್ಲಿ?

ಬೆಳಿಗ್ಗೆ ಡಾಕ್ಟರ್ ಹತ್ರ ಹೋದ್ವಿ. ಆರು ವಾರ ಅನ್ನೋದು ಗಡುವಲ್ಲ, ಮನಸ್ಸಿಗೂ ಬರಬೇಕು ಅಂದ್ರು. ಹಾಲೂಡಿಸುವಾಗ ಈಸ್ಟ್ರೋಜನ್ ಕಡಿಮೆ. ಒಣಗಿ ನೋಯಬಹುದು, ಅದಕ್ಕೆ ಜೆಲ್ ಇದೆ. ಮುಟ್ಟು ಬರೋ ಮೊದಲೇ ಮತ್ತೆ ಬಸಿರಾಗಬಹುದು. ಅಂತರಾ ಇಂಜೆಕ್ಷನ್, ಕಾಪರ್-ಟಿ ಸರ್ಕಾರಿ ಆಸ್ಪತ್ರೇಲಿ ಉಚಿತ.

ಕರ್ಕೊಂಡು ಹೋಗೋಕೆ ಬಂದಿದ್ದ ಭಾವ ಹೊರಗೆ ಮಗು ಎತ್ಕೊಂಡು ನಿಂತಿದ್ರು. ಅಕ್ಕ ಬಾಗಿಲು ತೆಗೆದು, "ಒಳಗೆ ಬನ್ನಿ, ಇದನ್ನ ನೀವೂ ಕೇಳಿ" ಅಂದ್ಲು.