ಫ್ಲಾರಿಡಾದ ಹಾವಿನ ಸಂತೆ

ಮಯಾಮಿ ನಗರದಿಂದ ದಕ್ಷಿಣಕ್ಕೆ ಸುಮಾರು ಮೂವತ್ತು ಮೈಲಿ ಸಾಗಿದರೆ ಹೋಮ್‌ಸ್ಟೆಡ್ ಎಂಬ ಊರು ಸಿಗುತ್ತದೆ. ದಾರಿಯ ಇಕ್ಕೆಲಗಳಲ್ಲಿ ಮಾವಿನ ತೋಪು, ಬೆಣ್ಣೆಹಣ್ಣಿನ ತೋಟ, ಮೈಗೆ ಅಂಟುವ ತೇವದ ಸೆಕೆ. ಅಮೆರಿಕಕ್ಕೆ ಬಂದೆನೋ, ಮಂಗಳೂರಿನ ಹಾದಿ ಹಿಡಿದೆನೋ ಎಂಬ ಭ್ರಮೆ ನನಗೆ ಅರೆಗಳಿಗೆ ಉಂಟಾದುದು ನಿಜ. ಬೇಸಿಗೆಯ ರಜೆಯಲ್ಲಿ ಅಕ್ಕನ ಮನೆಯಲ್ಲಿ ಮೂರು ವಾರ ಇದ್ದುಬರಲೆಂದು ಹೋದ ನನ್ನನ್ನು, ಕೈಕಾಲು ತೊಳೆಯಲೂ ಬಿಡದೆ, ಅವಳ ಹದಿಮೂರು ವರ್ಷದ ಮಗ ತನ್ನ ಕೋಣೆಗೆ ಎಳೆದೊಯ್ದ.

ಅಲ್ಲಿ ಗಾಜಿನ ಪೆಟ್ಟಿಗೆಯೊಂದರಲ್ಲಿ ಮೂರು ಮೂರೂವರೆ ಅಡಿಯ ಹಾವು ಸುರುಳಿ ಸುತ್ತಿ ಮಲಗಿತ್ತು. ಕಿತ್ತಳೆಯ ಮೈ, ಅದರ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು. ಹೊಟ್ಟೆಯ ಮೇಲೆ ಮುಸುಕಿನ ಜೋಳದ ಕಾಳುಗಳಂತೆ ಚೌಕುಳಿ. ಅದಕ್ಕೆ ಕಾರ್ನ್ ಸ್ನೇಕ್ ಎಂದು ಹೆಸರು. ವಿಷವಿಲ್ಲ, ಸಾಧು, ನಮ್ಮ ಕೇರೆಹಾವಿನ ದೂರದ ನಂಟ.

"ಇವಳು ಹೆಣ್ಣು, ಮಾಮ. ನಾಳೆ ಇವಳಿಗೆ ಜೊತೆ ತರೋಕೆ ಹೋಗೋಣ."

"ಇದೇ ಜಾತಿಯದೇನೋ?"

"ಅಲ್ಲ, ಕಿಂಗ್ ಸ್ನೇಕ್. ಎರಡೂ ಸೇರಿದರೆ ಜಂಗಲ್ ಕಾರ್ನ್ ಹುಟ್ಟುತ್ತೆ."

ಅಡಿಗೆಮನೆಯಿಂದ ಅಕ್ಕನ ಧ್ವನಿ ಬಂತು: "ಒಂದನ್ನು ಇಟ್ಟುಕೊಂಡೇ ನನಗೆ ನಿದ್ರೆಯಿಲ್ಲ ಕಣೋ. ಇನ್ನು ಇವನು ಹಾವಿಗೆ ಮದುವೆ ಮಾಡಿಸುತ್ತಾನಂತೆ, ಅದೂ ಬೇರೆ ಜಾತಿಯಲ್ಲಿ!"

"ನಮ್ಮದೂ ಹಾಗೇ ಆದದ್ದಲ್ಲವೇನೇ?" ಎಂದು ಭಾವ ನಕ್ಕರು. ಅಕ್ಕ ಉತ್ತರ ಕೊಡಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಭಾಷೆಯಲ್ಲಿ 'ಜಾತಿ' ಎಂಬ ಒಂದೇ ಪದವನ್ನು ಮನುಷ್ಯರಿಗೂ ಹಾವುಗಳಿಗೂ ಬಳಸಿ ಸಾಕಷ್ಟು ಗೊಂದಲ ಮಾಡಿಕೊಂಡಿದ್ದೇವೆ. ಅಕ್ಕ ಭಾವ ಇಬ್ಬರೂ ಒಂದೇ ಪ್ರಾಣಿ. ನಿಸರ್ಗ ಅವರ ನಡುವೆ ಯಾವ ಗೆರೆಯನ್ನೂ ಎಳೆದಿಲ್ಲ. ಕಾರ್ನ್ ಸ್ನೇಕ್ ಮತ್ತು ಕ್ಯಾಲಿಫೋರ್ನಿಯಾದ ಕಿಂಗ್ ಸ್ನೇಕ್ ಹಾಗಲ್ಲ. ಒಂದು ಅಮೆರಿಕದ ಪೂರ್ವದ್ದು, ಇನ್ನೊಂದು ಪಶ್ಚಿಮದ್ದು. ಕಾಡಿನಲ್ಲಿ ಅವೆರಡೂ ಭೇಟಿಯಾಗುವ ಸಂಭವವೇ ಇಲ್ಲ.

ಹಾವುಗಳ ಅಂತರ್ಜಾತೀಯ ವಿವಾಹವೆಂದರೆ ನನಗೆ ನೆನಪಾದದ್ದು ನಮ್ಮ ಊರಿನ ನಂಬಿಕೆ. ಕೇರೆಹಾವು ಗಂಡು, ನಾಗರಹಾವು ಹೆಣ್ಣು. ಎರಡೂ ಕೂಡುತ್ತವೆ ಎಂದು ನಮ್ಮ ಅಜ್ಜಿ ಆಣೆಯಿಟ್ಟು ಹೇಳುತ್ತಿದ್ದಳು. ಗದ್ದೆಯ ಬದುವಿನ ಮೇಲೆ ಎರಡು ಹಾವುಗಳು ತೆಕ್ಕೆಬಿದ್ದು ನೆಟ್ಟಗೆ ಎದ್ದಾಗ ಅವುಗಳ ಮೇಲೆ ಹೊಸ ಬಟ್ಟೆ ಎಸೆದು ತಂದು ಪೆಟ್ಟಿಗೆಯಲ್ಲಿಟ್ಟರೆ ಭಾಗ್ಯ ಎಂದೂ ಹೇಳುತ್ತಿದ್ದಳು. ನಿಜ ಸಂಗತಿ ಬೇರೆ. ಹಾಗೆ ತೆಕ್ಕೆಬೀಳುವವು ಬಹುಮಟ್ಟಿಗೆ ಎರಡು ಗಂಡು ಕೇರೆಗಳು. ನಡೆಯುವುದು ಶೃಂಗಾರವಲ್ಲ, ಕುಸ್ತಿ. ಕೇರೆಗೂ ನಾಗರಕ್ಕೂ ಕುಟುಂಬವೇ ಬೇರೆ; ಸಂತಾನ ಅಸಾಧ್ಯ. ಅಜ್ಜಿಯ ಕಲ್ಪನೆಯನ್ನು, ಹತ್ತಿರದ ಸಂಬಂಧದ ಹಾವುಗಳಲ್ಲಿ, ಅಮೆರಿಕದ ಹವ್ಯಾಸಿಗಳು ನಿಜ ಮಾಡಿ ತೋರಿಸಿದ್ದಾರೆ.

ಮರುದಿನ ಹಾವಿನ ಸಂತೆಗೆ ಹೋದೆವು. ದೊಡ್ಡ ಸಭಾಂಗಣ, ಸಾಲು ಸಾಲು ಮೇಜುಗಳು, ಮೇಜುಗಳ ಮೇಲೆ, ನಮ್ಮಲ್ಲಿ ಮೊಸರು ಕೊಡುವಂಥ ಪ್ಲಾಸ್ಟಿಕ್ ಡಬ್ಬಿಗಳು, ಪ್ರತಿ ಡಬ್ಬಿಯಲ್ಲೂ ಒಂದೊಂದು ಮರಿಹಾವು. ತಳ್ಳುಗಾಡಿಯಲ್ಲಿ ಕೂಸನ್ನು ಕೂರಿಸಿಕೊಂಡ ತಾಯಂದಿರು ಬಳೆ ಆರಿಸುವಂತೆ ಹಾವು ಆರಿಸುತ್ತಿದ್ದರು. ಬಿಳಿ, ಹಳದಿ, ನೇರಿಳೆ ಛಾಯೆ, ಪಟ್ಟೆಯುಳ್ಳದ್ದು, ಪಟ್ಟೆಯಿಲ್ಲದ್ದು! ಈ ಹುಚ್ಚಿನ ಮೂಲವನ್ನು ಹುಡುಕಿದರೆ, 1953ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಸಿಕ್ಕ, ಕಪ್ಪು ವರ್ಣವೇ ಇಲ್ಲದ ಒಂದು ಕಾರ್ನ್ ಸ್ನೇಕ್ ತನಕ ಹೋಗಬೇಕು. ಬೆಕ್ಟೆಲ್ ಎಂಬ ಚರ್ಮವೈದ್ಯರು ಅದರ ಸಂತಾನ ಬೆಳೆಸಿ, ಬಣ್ಣ ಹೇಗೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆಂದು ತೋರಿಸಿದರು. ಒಂದೇ ಬಗೆಯೊಳಗಿನ ಬಣ್ಣಗಳು ಸಾಲದಾದಾಗ ಜನ ಬಗೆ ಬಗೆಗಳನ್ನೇ ಬೆರೆಸತೊಡಗಿದರು.

ಜಂಗಲ್ ಕಾರ್ನ್ ಮಾರುತ್ತಿದ್ದವನು ಬಿಳಿ ಗಡ್ಡದ ಮುದುಕ. ಅವನ ಡಬ್ಬಿಯಲ್ಲಿದ್ದ ಮರಿ ನಿಜಕ್ಕೂ ಸುಂದರವಾಗಿತ್ತು. ಕೆಂಪು ಮಚ್ಚೆಗಳು ಒಂದಕ್ಕೊಂದು ಸೇರಿ ಅಡ್ಡಪಟ್ಟೆಗಳಾಗಿದ್ದವು. ಅಳಿಯ ಬಾಯಿಬಿಟ್ಟು ನೋಡುತ್ತ ನಿಂತ.

ಆದರೆ ಈ ವಿವಾಹದಲ್ಲಿ ಒಂದು ವಿಘ್ನವಿದೆ. ಕಿಂಗ್ ಸ್ನೇಕಿಗೆ ಹಾವೇ ಆಹಾರ. ವಿಷದ ರ‍್ಯಾಟಲ್ ಸ್ನೇಕನ್ನೂ ನುಂಗಿ ಅರಗಿಸಿಕೊಳ್ಳುವ ಪ್ರಾಣಿ ಅದು. ಅದರ ಪೆಟ್ಟಿಗೆಗೆ ಕಾರ್ನ್ ಸ್ನೇಕನ್ನು ಬಿಟ್ಟರೆ ವಧುವೇ ಔತಣವಾಗಬಹುದು. ಉಪಾಯವೇನೆಂದು ಕೇಳಿದೆ. ಹೆಣ್ಣು ಕಿಂಗ್ ಸ್ನೇಕ್ ಮಲಗಿದ್ದ ಹಾಸನ್ನು ತಂದು ಹರಡಿದರೆ, ಆ ವಾಸನೆಗೆ ಗಂಡು ಮರುಳಾಗುತ್ತದೆ ಎಂದು ಮುದುಕ ಹೇಳಿದ.

"ಪ್ರತಿಸಲವೂ ಮರುಳಾಗುತ್ತದೆಯೆ?"

"ಇಲ್ಲ. ನನ್ನ ಎರಡು ಹೆಣ್ಣುಗಳು ಅದರ ಹೊಟ್ಟೆ ಸೇರಿವೆ" ಎಂದ ಅವನು, ಏನನ್ನೂ ಮುಚ್ಚಿಡದೆ.

ಅಳಿಯನ ಮುಖ ಬಾಡಿತು. ಮನೆಯ ಹೆಣ್ಣನ್ನು ಅವನು ಬೆರಳುದ್ದದ ಮರಿಯಾಗಿದ್ದಾಗಿನಿಂದ ಸಾಕಿದ್ದಾನೆ.

ಮುದುಕ ಇನ್ನೂ ಒಂದು ವಿಷಯ ತಿಳಿಸಿದ. ಕುದುರೆಗೂ ಕತ್ತೆಗೂ ಹುಟ್ಟುವ ಹೇಸರಗತ್ತೆ ಬಂಜೆ. ಅದರ ಕಥೆ ಅಲ್ಲಿಗೇ ಮುಗಿಯುತ್ತದೆ. ಜಂಗಲ್ ಕಾರ್ನ್ ಬಂಜೆಯಲ್ಲ. ಅದನ್ನು ಮತ್ತೆ ಕಾರ್ನ್ ಸ್ನೇಕಿನೊಡನೆ ಕೂಡಿಸಿದರೆ, ಎರಡು ಮೂರು ತಲೆಮಾರಿನಲ್ಲಿ ಹುಟ್ಟುವ ಮರಿ ಅಪ್ಪಟ ಕಾರ್ನ್ ಸ್ನೇಕಿನಂತೆಯೇ ಕಾಣುತ್ತದೆ. "ನಾನು ಡಬ್ಬಿಯ ಮೇಲೆ ಬೆರಕೆ ಎಂದು ಬರೆದೇ ಮಾರುತ್ತೇನೆ. ಮೂರನೆಯ ಕೈಗೆ ಹೋಗುವಷ್ಟರಲ್ಲಿ ಚೀಟಿ ಬಿದ್ದುಹೋಗಿರುತ್ತದೆ" ಎಂದ. ಹಾಗಾದರೆ ಏಕೆ ಮಾಡುತ್ತೀರಿ ಎಂದು ಕೇಳುವ ಮನಸ್ಸಾಯಿತು. ಪರದೇಶದಲ್ಲಿ ಅಧಿಕಪ್ರಸಂಗ ಬೇಡವೆಂದು ಸುಮ್ಮನಾದೆ. ಅಳಿಯ ಕೂಡಿಟ್ಟ ನೂರು ಡಾಲರಿಗೆ ಕಪ್ಪು ಬಿಳಿ ಪಟ್ಟೆಯ ಗಂಡು ಕಿಂಗ್ ಸ್ನೇಕ್ ಒಂದು ನಮ್ಮ ಕಾರನ್ನೇರಿತು.

ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲಿಗೆ ಹೋಮ್‌ಸ್ಟೆಡ್‌ನಿಂದ ಹೆಚ್ಚು ದೂರವಿಲ್ಲ. ಮಾರನೆಯ ದಿನ ಭಾವ ಅಲ್ಲಿಗೆ ಕರೆದೊಯ್ದರು. 1947ರಲ್ಲಿ ಉದ್ಘಾಟನೆಯಾದ ಈ ಉದ್ಯಾನದ ವಿಸ್ತಾರ 15 ಲಕ್ಷ ಎಕರೆ. ದಿಗಂತದವರೆಗೂ ಹುಲ್ಲು, ಹುಲ್ಲಿನ ಬುಡದಲ್ಲಿ ಕಾಣದಂತೆ ಹರಿಯುವ ತೆಳುನೀರು. 'ಹುಲ್ಲಿನ ನದಿ' ಎಂದು ಜನ ಕರೆಯುವುದು ಅನ್ವರ್ಥವಾಗಿದೆ. ಮರದ ಸೇತುವೆಯ ಮೇಲೆ ನಡೆದರೆ ಕೆಳಗೆ ಮೊಸಳೆಯ ಬಂಧು ಅಲಿಗೇಟರ್. ಕೊಂಬೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ಅನ್‌ಹಿಂಗಾ. ರಂಗನತಿಟ್ಟಿನಲ್ಲಿ ನಾವು ಕಾಣುವ ಹಾವಕ್ಕಿಯ ಸೋದರನೇ ಅದು! ಅಷ್ಟು ದೂರದಲ್ಲಿ ಪರಿಚಯದ ಮುಖ ಕಂಡಂತೆ ನಿಂತುಬಿಟ್ಟೆ.

"ಮೊದಲು ಇಲ್ಲಿ ಬುತ್ತಿ ಬಿಚ್ಚಿದರೆ ರಕೂನುಗಳು ಬಂದು ಕಸಿಯುತ್ತಿದ್ದವು. ಈಗ ನೋಡು" ಎಂದರು ಭಾವ. ಒಂದು ರಕೂನೂ ಇರಲಿಲ್ಲ. ಉದ್ಯಾನದ ದಕ್ಷಿಣ ಭಾಗದಲ್ಲಿ ಅವು ಕಣ್ಣಿಗೆ ಬೀಳುವುದು ಹಿಂದಿಗಿಂತ ನೂರಕ್ಕೆ 99ರಷ್ಟು ಇಳಿದಿದೆಯೆಂದು 2012ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅವನ್ನು ನುಂಗಿದ್ದು ಬರ್ಮಾದ ಹೆಬ್ಬಾವು.

ಮನೆಯಲ್ಲಿ ಸಾಕಲೆಂದು ಹಡಗು ವಿಮಾನಗಳಲ್ಲಿ ತರಿಸಿದ ಹಾವು ಅದು. ಮರಿ ಎರಡಡಿ; ಬೆಳೆದಾಗ ಹದಿನೈದು ಅಡಿ. ಹೆದರಿದ ಯಜಮಾನ ಕತ್ತಲಲ್ಲಿ ತಂದು ಜೌಗಿನಲ್ಲಿ ಬಿಡುತ್ತಾನೆ. 1992ರ ಆ್ಯಂಡ್ರೂ ಚಂಡಮಾರುತ ಹೋಮ್‌ಸ್ಟೆಡ್ಡನ್ನು ನೆಲಸಮ ಮಾಡಿದಾಗ ಹಾವು ಸಾಕುವ ಕಟ್ಟಡ ಮುರಿದು ಅವು ತಪ್ಪಿಸಿಕೊಂಡವೆಂದು ಹೇಳುವವರೂ ಉಂಟು. ಆದರೆ 1979ರಲ್ಲಿಯೇ ಇಲ್ಲಿ ಒಂದು ಹೆಬ್ಬಾವು ಸಿಕ್ಕಿತ್ತು. 2023ರಲ್ಲಿ ಹಿಡಿದ ಒಂದರ ಉದ್ದ 19 ಅಡಿ!

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ವಿಷಯ. ಇಲ್ಲಿ ಹಿಡಿದ ಸುಮಾರು 400 ಹೆಬ್ಬಾವುಗಳ ಅಂಗಾಂಶವನ್ನು ಸರ್ಕಾರಿ ವಿಜ್ಞಾನಿಗಳು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಹೇಳಿದರು. 13ರಲ್ಲಿ ಭಾರತದ ಹೆಬ್ಬಾವಿನ ಗುರುತಿತ್ತು. ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿರುವ, 1972ರ ಕಾಯಿದೆಯಂತೆ ಯಾರೂ ಸಾಕುವಂತಿಲ್ಲದ ನಮ್ಮ ಹೆಬ್ಬಾವು! ಬೆರಕೆ ನಡೆದದ್ದು ಈ ಜೌಗಿನಲ್ಲಲ್ಲ; ಬಹುಶಃ ಅದಕ್ಕೂ ಮೊದಲು, ಯಾರದೋ ಪೆಟ್ಟಿಗೆಯಲ್ಲಿ. ಆಗ ಎರಡನ್ನೂ ಒಂದೇ ಹಾವಿನ ಎರಡು ಉಪಭೇದಗಳೆಂದು ಎಣಿಸುತ್ತಿದ್ದರು. ಬೇರೆ ಬೇರೆಯೆಂದು ಒಪ್ಪಿದ್ದು 2009ರ ನಂತರ. ಬರ್ಮಾದ್ದಕ್ಕೆ ತೇವ ಪ್ರಿಯ, ನಮ್ಮದು ಒಣನೆಲಕ್ಕೂ ಸೈ. ಎರಡೂ ಗುಣ ಕೂಡಿದ ಸಂತಾನ ನೀರಿನಲ್ಲೂ ದಿಬ್ಬದಲ್ಲೂ ಹರಡೀತೆಂಬುದು ವಿಜ್ಞಾನಿಗಳ ಭಯ.

ಅಳಿಯ ಹಿಂದಿರುಗುವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಹತ್ತಿರವಾದಾಗ ಕೇಳಿದ: "ಮಾಮ, ಇವಳು ಇಪ್ಪತ್ತು ಮೊಟ್ಟೆ ಇಟ್ಟರೆ, ಆ ಮರಿಗಳೆಲ್ಲ ಎಲ್ಲಿಗೆ ಹೋಗ್ತವೆ?"

"ನಿನಗೆ ಗೊತ್ತಿರುವವರು ಎಷ್ಟು ಜನ ಕೊಳ್ಳುತ್ತಾರೆ?"

ಅವನು ಬೆರಳು ಮಡಿಸಿ ಎಣಿಸಿದ. ಮೂರಕ್ಕೆ ನಿಂತಿತು.

ನಾನು ಹೊರಡುವ ದಿನ ಅವನ ಕೋಣೆಯಲ್ಲಿ ಎರಡು ಗಾಜಿನ ಪೆಟ್ಟಿಗೆಗಳಿದ್ದವು. ನಡುವೆ ಅಕ್ಕ ತನ್ನ ಹಳೆಯ ಸೀರೆಯ ತುಂಡನ್ನು ಪರದೆಯಾಗಿ ಕಟ್ಟಿದ್ದಳು. ಪೆಟ್ಟಿಗೆಗಳ ಮೇಲೆ ಅಂಟಿಸಲು ಹುಡುಗ ರಟ್ಟಿನ ಚೀಟಿಗಳನ್ನು ಕತ್ತರಿಸಿಟ್ಟಿದ್ದ. ಎರಡರ ಮೇಲೂ ಹಾವಿನ ಹೆಸರು, ಊರು. ಕೆಳಗೆ ಒಂದು ಸಾಲು ಖಾಲಿ.

"ಇಲ್ಲಿ ಕನ್ನಡದಲ್ಲಿ ಬರೆದುಕೊಡು, ಮಾಮ."

ಮೊದಲನೆಯದಕ್ಕೆ 'ಜೋಳದ ಹಾವು' ಎಂದು ಬರೆದೆ. ಎರಡನೆಯದರ ಮುಂದೆ ಲೇಖನಿ ನಿಂತಿತು. ರಾಜನಾಗರ ಎಂದರೆ ಕಾಳಿಂಗವಾಗುತ್ತದೆ. ಅದು ಬೇರೆ ಹಾವು. ಕನ್ನಡ ಎಂ.ಎ. ಓದಿದ ನನಗೆ ಸರಿಯಾದ ಹೆಸರು ಹೊಳೆಯುವಷ್ಟರಲ್ಲಿ, ವಿಮಾನಕ್ಕೆ ಹೊತ್ತಾಯಿತೆಂದು ಭಾವ ಕೆಳಗಿನಿಂದ ಕೂಗಿದರು.